ಕವಿಯ ಹೆಸರಿಲ್ಲದ ಹಾಡು

2010ರ ಸುಮಾರಿಗೆ ಹೊಸೂರಿನ ನಮ್ಮ ಬೀದಿಯ ಮೊಬೈಲ್ ಅಂಗಡಿಯಲ್ಲಿ ಸ್ವಲ್ಪ ಕಾಸು ಕೊಟ್ಟರೆ ಮೆಮೊರಿ ಕಾರ್ಡಿನ ತುಂಬ ಹಾಡು ಹಾಕಿಕೊಡುತ್ತಿದ್ದರು. ಅಂಗಡಿಯ ಹುಡುಗ ತಮಿಳಿನವನು. ಅವನ ಕಂಪ್ಯೂಟರಿನಲ್ಲಿ 'ಕನ್ನಡ' ಎಂಬ ಒಂದೇ ಕಡತ. ಅದರೊಳಗೆ ಸಿನಿಮಾ ಹಾಡು, ದಾಸರ ಪದ, ಭಾವಗೀತೆ ಎಲ್ಲ ಕಲಸುಮೇಲೋಗರ. ಕಳ್ಳ ಸರಕೆಂದು ಗೊತ್ತಿದ್ದೂ ಹಾಕಿಸಿಕೊಂಡೆ. ಅತ್ತಿಬೆಲೆ ದಾಟದೆ ಕನ್ನಡ ಹಾಡು ಕೈಗೆ ಸಿಗಲು ನನಗಿದ್ದ ದಾರಿ ಅದೊಂದೇ. ಕಾಸರಗೋಡಿನ ಓದುಗರು ನನ್ನನ್ನು ಕ್ಷಮಿಸಿಯಾರು.

ಆಮೇಲೆ ನ್ಯಾಯವಾದ ಅಂಗಡಿಗಳು ಬಂದವು. ಅಮೆರಿಕದಲ್ಲಿ 2003ರಲ್ಲೇ ಆಪಲ್ ಕಂಪನಿ ಹಾಡುಗಳನ್ನು ಬಿಡಿಬಿಡಿಯಾಗಿ ಮಾರತೊಡಗಿತ್ತು. ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರ ಫೆಬ್ರವರಿಯಲ್ಲಿ 'ಫ್ಲೈಟ್' ಎಂಬ ಹಾಡಿನ ಮಳಿಗೆ ತೆರೆದು, 2013ರ ಜೂನಿನಲ್ಲಿ ಮುಚ್ಚಿತು. ನಾನು ಮತ್ತೊಂದು ಕಡೆಯಿಂದ ದುಡ್ಡು ತೆತ್ತು ಒಂದು ಭಾವಗೀತೆ ಇಳಿಸಿಕೊಂಡೆ. ಮನಸ್ಸು ಹಗುರಾಯಿತು. ಕೇಳಿ ಮುಗಿಸಿದ ಕಿರಿಯ ಮಗಳು, "ಬರೆದೋರು ಯಾರಪ್ಪ?" ಎಂದಳು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಗಾಯಕರ ಹೆಸರಿತ್ತು, ಕಂಪನಿಯ ಹೆಸರಿತ್ತು. ಕವಿ ಇರಲಿಲ್ಲ.

ಅವಳು ಹಾಗೆ ಕೇಳಲು ಕಾರಣವಿದೆ. 2006ರ ಕಾಯ್ದೆಯಿಂದ ತಮಿಳುನಾಡಿನ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾಯಿತು. ಅವಳು ಕನ್ನಡ ಅಕ್ಷರ ಕೂಡಿಸಿ ಓದಲು ಕಲಿತದ್ದು ಮನೆಯಲ್ಲಿ, ನನ್ನ ಹಳೆಯ ಕ್ಯಾಸೆಟ್ಟುಗಳ ಒಳಹಾಳೆಗಳಿಂದ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂದ ಮೇಲೆ ಭಾವಗೀತೆಯ ಕ್ಯಾಸೆಟ್ಟು ನಮ್ಮಂಥವರ ಮನೆಗೆ ಪುಸ್ತಕದ ಬದಲು ಬಂತು. ಹಲವು ಕ್ಯಾಸೆಟ್ಟುಗಳಲ್ಲಿ ಮಡಿಸಿಟ್ಟ ಹಾಳೆ, ಇರುವೆಯಂಥ ಅಕ್ಷರ, ಪ್ರತಿ ಹಾಡಿನ ಕೆಳಗೆ ಕವಿಯ ಹೆಸರು.

ಕಳ್ಳನನ್ನು ಬೈಯುವುದು ಸುಲಭ. ಅವನು ಆ ಹಾಳೆಯನ್ನು ಎಸೆದ, ನಿಜ. ಹಣ ಪಡೆದವರೂ ಅದನ್ನು ಹಿಂದಕ್ಕೆ ಕೊಡಲಿಲ್ಲವೆಂಬುದು ನನ್ನ ತಕರಾರು. ಕಾನೂನೂ ಈ ವಿಷಯದಲ್ಲಿ ವಿಚಿತ್ರ. ಧ್ವನಿಮುದ್ರಣದ ಮೇಲೆ ತಯಾರಕರ ಮತ್ತು ಹಕ್ಕುದಾರರ ಹೆಸರು-ವಿಳಾಸ, ಮೊದಲ ಪ್ರಕಟಣೆಯ ವರ್ಷ ಇರಲೇಬೇಕೆಂದು 1984ರ ತಿದ್ದುಪಡಿ ವಿಧಿಸಿತು. ಆ ಪಟ್ಟಿಯಲ್ಲಿ ಕವಿಯಿಲ್ಲ. 2012ರ ತಿದ್ದುಪಡಿ ಹಾಡು ಬರೆದವರಿಗೆ ಗೌರವಧನದಲ್ಲಿ ಸಮಪಾಲು ಕೊಟ್ಟಿತು. ಕವಿಗೆ ಕಾಸು ತಲುಪಲು ದಾರಿಯಾಯಿತು. ಕೇಳುವವರಿಗೆ ಕವಿ ತಲುಪುವ ದಾರಿ ಯಾರ ಲೆಕ್ಕಕ್ಕೂ ಬರಲಿಲ್ಲ.

ಬೆಂಗಳೂರಿನವರಿಗೆ ಇದು ಸಣ್ಣ ಮಾತು. ಅವರ ಬೀದಿಯ ಬೋರ್ಡುಗಳೇ ಕನ್ನಡ ಓದಿಸುತ್ತವೆ. ನಮ್ಮ ಮನೆಯಲ್ಲಿ ಟೇಪ್ ರೆಕಾರ್ಡರ್ ಕೆಟ್ಟು ವರ್ಷಗಳಾದವು. ಒಳಹಾಳೆಗಳನ್ನು ಮಾತ್ರ ನಿಘಂಟಿನ ನಡುವೆ ಇಟ್ಟಿದ್ದೇನೆ. ಮಡಿಕೆಯಲ್ಲಿ ಹರಿದಿವೆ. ಅಂದು ಅವುಗಳನ್ನು ಒಂದೊಂದಾಗಿ ಬಿಡಿಸಿ ಹುಡುಕಿ, ಮೂರನೆಯದರಲ್ಲಿ ಕವಿಯ ಹೆಸರನ್ನು ಅವಳೇ ಓದಿ ಹೇಳಿದಳು.