ಹಸ್ತಪ್ರತಿಯ ಮೊದಲ ಓದುಗ

ಇಂಗ್ಲಿಷಿನ ಕಾದಂಬರಿಕಾರ ಕರಡು ತಿದ್ದಿ ಮುಗಿಸಿದ ಮೇಲೆ ಸಾಹಿತ್ಯ ಏಜೆಂಟರನ್ನು ಹುಡುಕುತ್ತಾನೆ. ಕನ್ನಡದಲ್ಲಿ ಆ ಪದ್ಧತಿ ಬೇರೂರಲಿಲ್ಲ. ಸತ್ತೂರಿನಲ್ಲಿ ಕುಳಿತು ಬರೆಯುವವರಿಗೆ ಪಕ್ಕದ ಧಾರವಾಡವೇ ಬೇರೊಂದು ದಾರಿಯನ್ನು ತೋರಿಸಿತ್ತು. ಅಲ್ಲಿ 1933ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯಲ್ಲಿ ಪ್ರಕಾಶಕ ಜಿ.ಬಿ. ಜೋಶಿಯವರಿಗೆ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಸಾಹಿತ್ಯ ಸಲಹೆಗಾರರಾಗಿದ್ದರು. 1965ರಲ್ಲಿ ‘ಸಂಸ್ಕಾರ’ ಹೊರಬಂದದ್ದು ಅಲ್ಲಿಂದಲೇ.

ಮುಸ್ಲಿಂ ಲೇಖಕಿಗೆ ಇಂಥ ಆಸರೆ ಎಲ್ಲಿತ್ತು? ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ 1980ರ ದಶಕದಲ್ಲಿ ಓದುಗರನ್ನು ತಲುಪಿದ್ದು ಲಂಕೇಶ್ ಪತ್ರಿಕೆಯ ಧಾರಾವಾಹಿಯಾಗಿ. ನಾದಿರಾಳ ದುರಂತವನ್ನು ತಂದೆಯ ಹಠ ಮತ್ತು ತಾಯಿಯ ಅಸಹಾಯಕತೆಯ ಮೂಲಕ ಹೇಳಿದ್ದೇ ಆ ಕೃತಿಯ ಬಲ. ಮುಂದೆ ಅವರು ಚಂದ್ರಗಿರಿ ಪ್ರಕಾಶನವನ್ನು ತಾವೇ ಕಟ್ಟಿಕೊಳ್ಳಬೇಕಾಯಿತು.

2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ನಮ್ಮ ಮನೆಯ ಹೆಣ್ಣುಮಗಳೊಬ್ಬಳು ಮೊದಲ ಕರಡು ಹಿಡಿದು ಬಂದರೆ ನಾವು ಕೇಳುವ ಮೊದಲ ಪ್ರಶ್ನೆ, ಇದರಿಂದ ಸಮುದಾಯದ ಹೆಸರು ಕೆಡುವುದಿಲ್ಲವೇ ಎಂಬುದು. ಪಾತ್ರಕ್ಕೆ ಜೀವ ಬಂದಿದೆಯೇ, ಕೊನೆ ಅವಸರದ್ದಾಯಿತೇ ಎಂದು ಕೇಳುವವರು ವಿರಳ. ಇಂದು ಹಣವಿದ್ದರೆ ಪುಸ್ತಕ ಅಚ್ಚಾಗುತ್ತದೆ, ಬಿಡುಗಡೆಯ ದಿನ ಶಾಲೂ ಸಿಗುತ್ತದೆ. ‘ಈ ಅಧ್ಯಾಯವನ್ನು ಮತ್ತೆ ಬರೆಯಮ್ಮಾ’ ಎಂದು ಪ್ರೀತಿಯಿಂದ ಹೇಳಬಲ್ಲ ಓದುಗರನ್ನು ನಾವು ಬೆಳೆಸಬೇಕಾಗಿದೆ. ಏಜೆಂಟರ ಮಾತು ಆಮೇಲಿನದು.