ಬೈಗುಳಕ್ಕಿಲ್ಲದ ಮಡಿ ಪಾಠಕ್ಕೇಕೆ?

ಮಾಯಸಂದ್ರದ ಸುತ್ತಿನ ತೆಂಗಿನ ಸೀಮೆಯಲ್ಲಿ ಹುಡುಗಿಯೊಬ್ಬಳು ಮೈನೆರೆದರೆ ಅದು ಗುಟ್ಟಾಗಿ ಉಳಿಯುವುದಿಲ್ಲ. ಸೋದರಮಾವ ಬಂದು ಗುಡ್ಲು ಹಾಕುತ್ತಾನೆ. ಕೇರಿಯ ಹೆಂಗಸರು ಸೇರಿ ಆರತಿ ಎತ್ತುತ್ತಾರೆ. ಕೊಬ್ಬರಿ, ಬೆಲ್ಲ, ಚಿಗಳಿ ತಿನ್ನಿಸುತ್ತಾರೆ. ಈಗೀಗ ಶಾಮಿಯಾನ, ಫ್ಲೆಕ್ಸು ಕೂಡ ಬಂದಿವೆ. ಊರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು ಆ ಹುಡುಗಿಗೆ ಮಾತ್ರ. ತನ್ನ ಮೈಯಲ್ಲಿ ಆದದ್ದೇನು, ಆ ರಕ್ತ ಎಲ್ಲಿಂದ ಬಂತು, ಏಕೆ ಬಂತು ಎಂದು ಕೂರಿಸಿಕೊಂಡು ಹೇಳುವವರಿಲ್ಲ. ಕೇಳಿದರೆ ಸಿಗುವ ಉತ್ತರ ಒಂದೇ: "ಅದೆಲ್ಲ ಕೇಳ್ಬಾರ್ದು ಕಣೆ, ಸುಮ್ಕಿರು."

ಅದೇ ಹುಡುಗಿ ಹತ್ತನೇ ತರಗತಿಗೆ ಬರುತ್ತಾಳೆ. ವಿಜ್ಞಾನದ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠವಿದೆ. ಹೂವಿನ ಪರಾಗಸ್ಪರ್ಶದ ತನಕ ಮೇಷ್ಟ್ರು ಚಿತ್ರ ಬರೆದು ಚೆನ್ನಾಗಿಯೇ ಹೇಳುತ್ತಾರೆ. ಮನುಷ್ಯನ ಸರದಿ ಬಂದ ಕೂಡಲೇ ಸೀಮೆಸುಣ್ಣ ಕೆಳಗಿಡುತ್ತಾರೆ. "ಇದನ್ನ ಮನೇಲಿ ನೀವೇ ಓದ್ಕೊಳ್ರಪ್ಪ." ಈ ಮೇಷ್ಟ್ರುಗಳಲ್ಲಿ ನಾವೂ ಇದ್ದೇವೆ. ಇದು ಮೊದಲು ನಮ್ಮ ಮೇಲೆ ನಾವೇ ಹೊರಿಸಿಕೊಳ್ಳುತ್ತಿರುವ ಆರೋಪ.

ಶಾಲೆಯ ಗೇಟು ದಾಟಿ ಸಂತೆಗೆ ಬನ್ನಿ. ಅಲ್ಲಿ ತಾಯಿಯ, ತಂಗಿಯ ಮೈಯನ್ನು ಎಳೆದು ತರದ ಜಗಳವೇ ಇಲ್ಲ. ಪಾಠದಲ್ಲಿ ಹೇಳಲು ನಾಚುವ ಅಂಗಗಳೆಲ್ಲ ಬೈಗುಳದಲ್ಲಿ ರಾಜಾರೋಷವಾಗಿ ಓಡಾಡುತ್ತವೆ. ಅದನ್ನು ಕೇಳಿ ಯಾರ ಸಂಸ್ಕೃತಿಯೂ ಕೆಡುವುದಿಲ್ಲ! ಹೆಣ್ಣನ್ನು ಹೀನೈಸಲು ಈ ಮಾತು ಬಳಸಬಹುದು, ಅವಳ ಆರೋಗ್ಯಕ್ಕೆ ಬಳಸಬಾರದು. ಮೈಯ ಬಗೆಗಿನ ಮೌನ ಬರೀ ನಾಚಿಕೆಯಲ್ಲ ಗೆಳೆಯರೇ, ಅದು ಮಡಿ. ಮಡಿ ಇದ್ದಲ್ಲಿ ಅದರಿಂದ ಲಾಭ ಪಡೆಯುವವನೊಬ್ಬ ಇದ್ದೇ ಇರುತ್ತಾನೆ.

ನಮ್ಮ ಸಾಹಿತ್ಯ ಈ ಮಡಿಯನ್ನು ಮುರಿಯಿತೇ? 1965ರಲ್ಲಿ ಬಂದ 'ಸಂಸ್ಕಾರ' ಅಗ್ರಹಾರದ ಕಾಮವನ್ನು ಬಯಲಿಗೆ ಎಳೆಯಿತು ಎಂದು ನವ್ಯರು ಹೆಮ್ಮೆಪಟ್ಟರು. ಅದರಲ್ಲಿ ಬೆಳ್ಳಿ ಎಂಬ ಕೇರಿಯ ಹುಡುಗಿ ಇದ್ದಾಳೆ. ಕೇರಿಯಲ್ಲಿ ಇಲಿ ಬಂದದ್ದು, ಜನ ಸತ್ತದ್ದು ಅವಳಿಗೆ ಗೊತ್ತು. ಅದನ್ನು ಹೇಳಲು ಹೋದರೆ ಶ್ರೀಪತಿಗೆ ಅವಳ ಮಾತು ಬೇಡ, ಮೈ ಸಾಕು. ಕಾದಂಬರಿ ಈ ನೀಚತನವನ್ನು ಮುಚ್ಚಿಡಲಿಲ್ಲ, ಒಪ್ಪೋಣ. ಆದರೆ ಓದಿದ ವಿಮರ್ಶೆ ಏನು ಮಾಡಿತು? ಆಚಾರ್ಯರ ಆತ್ಮಸಂಕಟಕ್ಕೆ ಪುಟಗಟ್ಟಲೆ ಬರೆಯಿತು. ರೋಗದ ಸುದ್ದಿ ಹೊತ್ತು ತಂದ ಬೆಳ್ಳಿಗೆ ಉಳಿದದ್ದು ಎಷ್ಟು ಸಾಲು? ಕಾಮ ಬಯಲಾಯಿತು, ಹೆಣ್ಣಿನ ಮೈಯ ನೋವು ಕತ್ತಲಲ್ಲೇ ಉಳಿಯಿತು.

ಆ ಕತ್ತಲಿಗೆ ದೀಪ ಹಿಡಿದವರು ಬೇರೆ. ವೈದ್ಯೆಯಾಗಿದ್ದ ಅನುಪಮಾ ನಿರಂಜನ 'ತಾಯಿ ಮಗು', 'ದಾಂಪತ್ಯ ದೀಪಿಕೆ' ಬರೆದರು. ಅವನ್ನು ಸಾಹಿತ್ಯವೆಂದು ಎಣಿಸಲು ಪಂಡಿತರು ಸಿದ್ಧರಿರಲಿಲ್ಲ. ನಮ್ಮದೇ ಬಂಡಾಯದ ಬಾನು ಮುಷ್ತಾಕ್ 'ಕರಿ ನಾಗರಗಳು' ಕತೆಯಲ್ಲಿ ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದವಳನ್ನು ತಂದು ನಿಲ್ಲಿಸಿದರು. ಕೊನೆಗೆ ಮುತವಲ್ಲಿಯ ಹೆಂಡತಿಯೇ ಆಪರೇಷನ್ನಿಗೆ ಹೊರಡುತ್ತಾಳೆ. 2025ರಲ್ಲಿ ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರೂ ಹಾರ ಹಾಕಿದೆವು. ಮಗು ಹೆಣ್ಣೋ ಗಂಡೋ ಎಂಬುದು ಗಂಡಿನ ವೀರ್ಯಾಣುವಿನಿಂದ ತೀರ್ಮಾನವಾಗುತ್ತದೆ ಎಂಬ ಸಂಗತಿ ಹತ್ತನೇ ತರಗತಿಯ ಪುಸ್ತಕದಲ್ಲೇ ಇದೆ. ಅದನ್ನು ಹುಡುಗರಿಗೆ ಬಿಡಿಸಿ ಹೇಳದೆ ಈ ಕತೆಗೆ ಚಪ್ಪಾಳೆ ತಟ್ಟಿದರೆ ಏನು ಬಂತು?

"ಇದೆಲ್ಲ ಪಟ್ಟಣದ, ಪರದೇಶದ ಮಾತು" ಎನ್ನುವವರಿದ್ದಾರೆ. ಹೌದೇ? 1930ರಲ್ಲಿ ನಮ್ಮ ಮೈಸೂರು ಸಂಸ್ಥಾನವೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ಕು ತೆರೆಯಿತು. 1934ರಲ್ಲಿ, ಲೈಂಗಿಕ ಆರೋಗ್ಯದ ಬಗ್ಗೆ ಬರೆದದ್ದಕ್ಕೆ 'ಸಮಾಜಸ್ವಾಸ್ಥ್ಯ' ಪತ್ರಿಕೆಯ ಆರ್. ಡಿ. ಕರ್ವೆ ಅವರ ಮೇಲೆ ಅಶ್ಲೀಲತೆಯ ಮೊಕದ್ದಮೆ ನಡೆದಾಗ ಅವರ ಪರ ವಕೀಲರಾಗಿ ನಿಂತವರು ಬಾಬಾಸಾಹೇಬ ಅಂಬೇಡ್ಕರ್. ಮೊಕದ್ದಮೆ ಸೋತಿತು, ವಾದ ಸೋಲಲಿಲ್ಲ. ಬಾಬಾಸಾಹೇಬರ ಪಟ ಗೋಡೆಗೆ ಹಾಕಿ ಈ ಪಾಠದ ಪುಟ ಮಗುಚಿ ಹಾಕುವ ನಮಗೆ ಇದು ನೆನಪಿರಬೇಕು. ಆಮೇಲೆ 2007. ದೇಶದಲ್ಲಿ ಎಚ್‌ಐವಿ ಹೆಚ್ಚಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿದ್ದ ಕಾಲ. ಶಾಲೆಗಳಿಗೆಂದು ಬಂದಿದ್ದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಸಂಸ್ಕೃತಿಯ ಹೆಸರಿನ ವಿರೋಧಕ್ಕೆ ಮಣಿದು ಇದೇ ರಾಜ್ಯ ತಡೆಹಿಡಿಯಿತು. ರಾಜರ ಕಾಲಕ್ಕಿದ್ದ ಧೈರ್ಯ ಪ್ರಜೆಗಳ ಕಾಲಕ್ಕೆ ಎಲ್ಲಿ ಹೋಯಿತು?

ಈ ಮೌನದ ಬೆಲೆ ತೆತ್ತವರು ಯಾರು? 2023ರ ಜುಲೈನಲ್ಲಿ ನಮ್ಮದೇ ಜಿಲ್ಲೆಯ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಬಾಣಂತಿಯನ್ನು ಸೂತಕದ ಹೆಸರಲ್ಲಿ ಹಟ್ಟಿಯ ಹೊರಗೆ ಗುಡಿಸಲಿನಲ್ಲಿ ಇಟ್ಟರು. ಮಳೆ, ಚಳಿ. ಹಸುಗೂಸು ಶೀತ ಹಿಡಿದು ತೀರಿಕೊಂಡಿತು. ಆ ಹಟ್ಟಿಯವರನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ಅವರೂ ನಮ್ಮಂತೆ ಬಡವರು, ತುಳಿಸಿಕೊಂಡವರು. ಹೆತ್ತ ಮೈ ಮೈಲಿಗೆ ಎಂದು ಅವರೊಬ್ಬರೇ ನಂಬಿಲ್ಲ. ಆರ್‌ಸಿಸಿ ಮನೆಯಲ್ಲೂ ತಿಂಗಳಿಗೆ ಮೂರು ದಿನ "ಹೊರಗಾದವಳು" ಒಲೆ ಮುಟ್ಟುವಂತಿಲ್ಲ. ಅಲ್ಲಿ ಗುಡಿಸಲು ಕಣ್ಣಿಗೆ ಕಾಣುತ್ತದೆ, ಇಲ್ಲಿ ಕಾಣುವುದಿಲ್ಲ. ಮುಟ್ಟಿನ ಮೈಲಿಗೆಯನ್ನು ಒಪ್ಪಿಕೊಂಡು ಹುಟ್ಟಿನ ಮೈಲಿಗೆಯ ವಿರುದ್ಧ ಹೋರಾಡುತ್ತೇವೆ ಎಂದರೆ ಯಾರು ನಂಬಬೇಕು?

ಇನ್ನೂ ಒಂದು ಮಾತು. 2012ರಲ್ಲಿ ಮಕ್ಕಳನ್ನು ಕಾಯಲು ಪೋಕ್ಸೊ ಕಾಯ್ದೆ ಬಂತು. ಕಾಯ್ದೆ ಮಗುವಿನಿಂದ ಮಾತು ಕೇಳುತ್ತದೆ. ತನ್ನ ಮೈಯ ಅಂಗಕ್ಕೆ ಬೈಗುಳದ ಹೆಸರು ಬಿಟ್ಟು ಬೇರೆ ಹೆಸರೇ ಕಲಿಯದ ಮಗು ಪೊಲೀಸಿನವರ ಮುಂದೆ ಏನೆಂದು ಹೇಳಬೇಕು? ತೋಟದ ಧಣಿಯೋ ಮನೆಯ ನೆಂಟನೋ ಕೈ ಹಾಕಿದರೆ ಕೂಲಿಯವಳ ಮಗಳು ಯಾವ ಮಾತಿನಲ್ಲಿ ಕೂಗಬೇಕು? ಅವಳಿಗೆ ಆ ಮಾತನ್ನು ನಾವೇ ಕೊಟ್ಟಿಲ್ಲ. ಅವಳ ಮೌನ ಅವನಿಗೆ ಕಾವಲು.

1979ರಿಂದ ನಮ್ಮ ವೇದಿಕೆಗಳು ಭೂಮಿಯ ಬಗ್ಗೆ ಮಾತಾಡಿವೆ, ಕೂಲಿಯ ಬಗ್ಗೆ, ಬಾವಿ ನೀರಿನ ಬಗ್ಗೆ ಮಾತಾಡಿವೆ. ಮೈಯ ಬಗ್ಗೆ ಮಾತಾಡುವುದನ್ನು ಹೆಂಗಸರ ವಿಷಯವೆಂದು ಬದಿಗಿಟ್ಟೆವು. ಬದಿಗಿಟ್ಟವರು ನಾವು ಗಂಡಸರೇ. ಇದನ್ನು ಒಪ್ಪಿಕೊಂಡೇ ಮುಂದಿನ ಹೆಜ್ಜೆ ಇಡಬೇಕು.

ದೊಡ್ಡ ಕ್ರಾಂತಿಯೇನೂ ಬೇಡ. ನಾಳೆ ಆ ಪಾಠದ ಪುಟ ಬಂದಾಗ ಸೀಮೆಸುಣ್ಣ ಕೆಳಗಿಡಬೇಡಿ. ಹುಡುಗರನ್ನೂ ಹುಡುಗಿಯರನ್ನೂ ಒಟ್ಟಿಗೆ ಕೂರಿಸಿ, ಹೆಸರಿಟ್ಟು ಹೇಳಿ. ಮೊದಲ ದಿನ ಕಿಸಿಕಿಸಿ ನಗುತ್ತಾರೆ. ನಗಲಿ. ಎರಡನೇ ದಿನ ಒಬ್ಬಳು ಎದ್ದು ನಿಂತು ಪ್ರಶ್ನೆ ಕೇಳಬಹುದು. ಆಗ "ಸುಮ್ಕಿರು" ಅನ್ನಬೇಡಿ.