ಸಣ್ಣ ಕಾಲೇಜಿನ ರಸಾಯನಶಾಸ್ತ್ರ : ಕನ್ನಡ ಪರಿಭಾಷೆಯ ಒಂದು ಪರೀಕ್ಷೆ

ಪದ್ಯವೊಂದರ ವಿಶೇಷಣದ ಔಚಿತ್ಯವನ್ನು ಕುರಿತು ಪುಟಗಟ್ಟಲೆ ಚರ್ಚಿಸುವ ನಾವು, ಸಹಸ್ರಾರು ವಿದ್ಯಾರ್ಥಿಗಳ ಆಲೋಚನೆಯನ್ನು ರೂಪಿಸುವ ಪಾರಿಭಾಷಿಕ ಪದಗಳ ಔಚಿತ್ಯವನ್ನು ನಿಘಂಟುಕಾರರ ಪಾಲಿಗೆ ಬಿಟ್ಟು ಸುಮ್ಮನಾಗುತ್ತೇವೆ. ಇದು ವಿಮರ್ಶೆಯ ಕ್ಷೇತ್ರವನ್ನು ಅಕಾರಣವಾಗಿ ಸಂಕೋಚಗೊಳಿಸಿದಂತೆ. ಶಾಸ್ತ್ರದ ಪದವೂ ಪದವೇ. ಅದಕ್ಕೂ ಅರ್ಥ, ಧ್ವನಿ, ಇತಿಹಾಸಗಳುಂಟು. ರಸಾಯನಶಾಸ್ತ್ರದ ಕೆಲವು ಕನ್ನಡ ಪದಗಳನ್ನು ಈ ದೃಷ್ಟಿಯಿಂದ ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪರೀಕ್ಷೆ ಕೇವಲ ಪಾಂಡಿತ್ಯದ ವಿನೋದವಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಂಥ ಊರುಗಳ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ಹತ್ತನೆಯ ತರಗತಿಯವರೆಗೆ ವಿಜ್ಞಾನವನ್ನು ಕನ್ನಡದಲ್ಲಿ ಓದಿದವರು. ಪದವಿಪೂರ್ವ ತರಗತಿಗೆ ಬಂದೊಡನೆ ರಸಾಯನಶಾಸ್ತ್ರದ ಪುಸ್ತಕ ಇಂಗ್ಲಿಷಿನದಾಗುತ್ತದೆ. ಅಧ್ಯಾಪಕರು ಕನ್ನಡದಲ್ಲಿ ವಿವರಿಸುತ್ತಾರೆ, ಟಿಪ್ಪಣಿಯನ್ನು ಇಂಗ್ಲಿಷಿನಲ್ಲಿ ಬರೆಯಿಸುತ್ತಾರೆ. ವಿದ್ಯಾರ್ಥಿಯು ಅರ್ಥವಾದದ್ದನ್ನು ಬರೆಯಲಾರದೆ, ಬರೆದದ್ದನ್ನು ಅರ್ಥಮಾಡಿಕೊಳ್ಳಲಾರದೆ ಕಂಠಪಾಠಕ್ಕೆ ಶರಣಾಗುತ್ತಾನೆ. ಹತ್ತು ವರ್ಷ ಗಳಿಸಿದ ಕನ್ನಡದ ಪದಸಂಪತ್ತು ಒಂದೇ ಬೇಸಗೆಯಲ್ಲಿ ನಿರುಪಯುಕ್ತವಾಗುತ್ತದೆ. ಆ ಸಂಪತ್ತಿನ ಬೆಲೆಯೇನೆಂದು ಅದನ್ನು ತ್ಯಜಿಸುವ ಮೊದಲಾದರೂ ಕೇಳಬೇಡವೇ?

ಈ ಸಂಪತ್ತನ್ನು ಕೂಡಿಸಿದವರು ಸಾಮಾನ್ಯರಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲಿ ಹೊರಬಂದಿತು. 1956ರಿಂದ 1960ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಅವರು ಕಾಲೇಜು ಶಿಕ್ಷಣಕ್ಕೆ ಕನ್ನಡವೂ ಮಾಧ್ಯಮವಾಗಬೇಕೆಂದು ಶ್ರಮಿಸಿದರು. ಆದರೆ ಅನಂತರದ ಚರ್ಚೆ ಎರಡು ಪಕ್ಷಗಳಾಗಿ ಒಡೆಯಿತು. ಕನ್ನಡ ಪದಗಳೆಲ್ಲವೂ ಉತ್ತಮವೆಂದು ಒಂದು ಪಕ್ಷ. ಎಲ್ಲವೂ ಕೃತಕವೆಂದು ಇನ್ನೊಂದು. ಒಂದೊಂದು ಪದವನ್ನೂ ಅದರ ಗುಣದೋಷಗಳಿಂದ ತೂಗಿ ನೋಡುವ ಕೆಲಸ ಮಾತ್ರ ಹಿಂದುಳಿಯಿತು.

ಮೊದಲು ‘ಆಮ್ಲಜನಕ’ವನ್ನು ತೆಗೆದುಕೊಳ್ಳೋಣ. ಆಮ್ಲಗಳಿಗೆಲ್ಲ ಈ ಅನಿಲವೇ ಮೂಲವೆಂದು ಭಾವಿಸಿದ ಫ್ರಾನ್ಸಿನ ಲವಾಸಿಯೇ, ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಗ್ರೀಕ್ ಧಾತುಗಳಿಂದ ‘ಆಕ್ಸಿಜನ್’ ಎಂಬ ಹೆಸರನ್ನು ಕಟ್ಟಿದನು. ಉಪ್ಪಿನಿಂದ ದೊರೆಯುವ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಈ ಅನಿಲದ ಲೇಶವೂ ಇಲ್ಲವೆಂದು 1810ರಲ್ಲಿ ಹಂಫ್ರಿ ಡೇವಿ ಸಾಧಿಸಿದನು. ತಪ್ಪು ಬಯಲಾಯಿತು, ಹೆಸರು ಉಳಿಯಿತು. ಗ್ರೀಕ್ ಅರಿಯದ ಓದುಗನಿಗೆ ಇಂಗ್ಲಿಷ್ ಪದದಲ್ಲಿ ಆ ತಪ್ಪು ಕಾಣಿಸದು. ಕನ್ನಡದಲ್ಲಾದರೋ ಅದು ಮೊದಲ ಅಕ್ಷರದಲ್ಲಿಯೇ ಎದ್ದು ಕಾಣುತ್ತದೆ. ಸುಟ್ಟ ಸುಣ್ಣವನ್ನು ನೋಡಿ: ಅದು ಕ್ಯಾಲ್ಸಿಯಂ ಮತ್ತು ಆಮ್ಲಜನಕಗಳ ಸಂಯುಕ್ತ. ಅದಕ್ಕೆ ನೀರು ಹಾಕಿದರೆ ದೊರೆಯುವುದು ಆಮ್ಲವಲ್ಲ, ಅದಕ್ಕೆ ನೇರ ವಿರುದ್ಧವಾದ ಕ್ಷಾರ! ಮೂಲದ ದೋಷವನ್ನು ನಿಷ್ಠೆಯಿಂದ ಅನುವಾದಿಸಿದ ಪದವಿದು. ಆದರೂ ಆಸ್ಪತ್ರೆಯಿಂದ ಪತ್ರಿಕೆಯವರೆಗೆ ಬಳಕೆಯಲ್ಲಿ ಬೇರೂರಿರುವ ಪದವನ್ನು ಕಿತ್ತೆಸೆಯುವುದು ವಿವೇಕವಲ್ಲ. ಅದರ ಕಥೆಯನ್ನು ಹೇಳಿಕೊಟ್ಟರೆ ಸಾಕು, ದೋಷವೇ ಪಾಠವಾಗುತ್ತದೆ.

‘ಸಾರಜನಕ’ದ ಸ್ಥಿತಿ ಬೇರೆ. ಅರಕಲಗೂಡಿನ ಆಲೂಗೆಡ್ಡೆ ಬೆಳೆಗಾರನ ಮಗಳಿಗೆ, ನೆಲದ ಸಾರಕ್ಕೂ ಯೂರಿಯಾ ಮೂಟೆಗೂ ಇರುವ ಸಂಬಂಧವನ್ನು ಈ ಹೆಸರೇ ಸೂಚಿಸುತ್ತದೆ. ಆದರೆ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟಿರುವ ಈ ಅನಿಲವನ್ನು ಗಿಡವು ನೇರವಾಗಿ ಏಕೆ ಹೀರಲಾರದೆಂಬುದನ್ನು ಹೆಸರು ಹೇಳುವುದಿಲ್ಲ. ಅದರ ಪರಮಾಣುಗಳೆರಡು ಮೂರು ಬಂಧಗಳಿಂದ ಬಿಗಿದುಕೊಂಡಿವೆ ಎಂಬುದನ್ನು ಅಧ್ಯಾಪಕನೇ ಹೇಳಬೇಕು.

ಇನ್ನು ‘ಉತ್ಕರ್ಷಣ’, ‘ಅಪಕರ್ಷಣ’ಗಳು. ಇವು ಕಠಿಣ ಸಂಸ್ಕೃತವೆಂಬ ಆಕ್ಷೇಪಣೆ ಹಳೆಯದು. ಪರೀಕ್ಷಿಸಿದರೆ ಇವು ಇಂಗ್ಲಿಷ್ ಪದಗಳಿಗಿಂತ ಮಿಗಿಲಾದವೆಂದು ತೋರುತ್ತದೆ. ಇಂಗ್ಲಿಷಿನ ‘ಆಕ್ಸಿಡೇಷನ್’ ಆಮ್ಲಜನಕಕ್ಕೆ ಕಟ್ಟುಬಿದ್ದ ಪದ. ಆ ಅನಿಲದ ಸೋಂಕೇ ಇಲ್ಲದ ಕ್ರಿಯೆಗಳಿಗೂ ಈಗ ಅದನ್ನೇ ಬಳಸಬೇಕಾಗಿದೆ. ಉತ್ಕರ್ಷವೆಂದರೆ ಏರಿಕೆ, ಅಪಕರ್ಷವೆಂದರೆ ಇಳಿಕೆ. ಎಲೆಕ್ಟ್ರಾನನ್ನು ಕಳೆದುಕೊಂಡ ಧಾತುವಿನ ಉತ್ಕರ್ಷಣ ಸಂಖ್ಯೆ ಏರುತ್ತದೆ, ಪಡೆದುಕೊಂಡದ್ದರದು ಇಳಿಯುತ್ತದೆ. ಪದವನ್ನು ತಿಳಿದವನಿಗೆ ನಿಯಮವನ್ನು ಬೇರೆಯಾಗಿ ಕಂಠಪಾಠ ಮಾಡಬೇಕಾಗಿಲ್ಲ.

ಇದಕ್ಕೆ ನಿದರ್ಶನವು ಜಿಲ್ಲೆಯ ನೆಲದಲ್ಲಿಯೇ ಇದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಶಿಲಾಪಟ್ಟಿಯಲ್ಲಿ, ಬೈರಾಪುರದ ಸುತ್ತಿನಲ್ಲಿ, ಕ್ರೋಮೈಟ್ ಅದಿರು ಉಂಟು. ಅದಕ್ಕಾಗಿ ಗಣಿಗಾರಿಕೆಯೂ ನಡೆದಿದೆ. ಅದಿರಿನಲ್ಲಿ ಕ್ರೋಮಿಯಮ್ಮಿನ ಉತ್ಕರ್ಷಣ ಸಂಖ್ಯೆ 3. ಅದಿರನ್ನು ಸೋಡಾದೊಡನೆ ಗಾಳಿಯಲ್ಲಿ ಹುರಿದಾಗ ಆ ಸಂಖ್ಯೆ 6ಕ್ಕೆ ಏರುತ್ತದೆ; ಡೈಕ್ರೋಮೇಟ್ ಲವಣಗಳು ಸಿದ್ಧವಾಗುವುದು ಈ ಮಾರ್ಗದಿಂದ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಆ ಕಿತ್ತಳೆ ಬಣ್ಣದ ದ್ರಾವಣವು ಆಮ್ಲದ ಸನ್ನಿಧಿಯಲ್ಲಿ ಫೆರಸ್ ಲವಣದೊಡನೆ ವರ್ತಿಸಿ ಹಸುರಾಗುವಾಗ ಕ್ರೋಮಿಯಂ ಮತ್ತೆ 3ಕ್ಕೆ ಇಳಿಯುತ್ತದೆ. 6ರ ಸ್ಥಿತಿಯ ಕ್ರೋಮಿಯಂ ದೇಹಕ್ಕೆ ವಿಷ. 3ರ ಸ್ಥಿತಿಯದು ಅಷ್ಟು ಅಪಾಯಕಾರಿಯಲ್ಲ. ಆದುದರಿಂದ ಈ ಏರಿಳಿತಗಳ ಅರ್ಥವನ್ನು ತಿಳಿಯುವುದು ಅಂಕಗಳಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಬ್ಯುರೆಟ್ಟಿನಲ್ಲಿ ಬಣ್ಣವನ್ನು ನೋಡಿ ಅಂಕಿಗಳನ್ನು ಗುರುತು ಹಾಕಿಕೊಳ್ಳುವ ಹುಡುಗನಿಗೆ, ತನ್ನ ತಾಲ್ಲೂಕಿನ ಕಲ್ಲಿನ ಕಥೆ ಕೈಯಲ್ಲಿದೆಯೆಂದು ಯಾರಾದರೂ ಹೇಳಬೇಕು.

ಮೂರನೆಯ ವರ್ಗವೊಂದುಂಟು, ಅದನ್ನು ಪಂಡಿತರು ಟಂಕಿಸಲಿಲ್ಲ. ಸುಟ್ಟ ಸುಣ್ಣ, ಅರಳಿದ ಸುಣ್ಣ, ಸುಣ್ಣದ ತಿಳಿನೀರು ಎಂಬ ಮಾತುಗಳಲ್ಲಿ ಒಂದು ಅಧ್ಯಾಯದ ರಸಾಯನಶಾಸ್ತ್ರ ಅಡಗಿದೆ. ನೀರು ಬಿದ್ದ ಸುಣ್ಣದ ಹರಳು ಬಿಸಿಯಾಗಿ, ಉಬ್ಬಿ, ಬಿರಿದು ಪುಡಿಯಾಗುವುದನ್ನು ‘ಅರಳು’ ಎಂದು ಕರೆದ ಅನಾಮಧೇಯನ ವೀಕ್ಷಣೆ ಯಾವ ವಿಜ್ಞಾನಿಯದಕ್ಕೂ ಕಡಮೆಯಲ್ಲ. ಕಲಾಯಿಯವನ ತವರ, ನವಸಾಗರಗಳೂ, ಹಿತ್ತಾಳೆ ತಂಬಿಗೆಯನ್ನು ಬೆಳಗುವ ಹುಣಿಸೆಹುಳಿಯೂ ಈ ವರ್ಗಕ್ಕೇ ಸೇರಿದವು. ಇವನ್ನು ಪಠ್ಯಕ್ಕೆ ಪೂರ್ಣವಾಗಿ ಬರಮಾಡಿಕೊಳ್ಳದಿರುವುದು ನಮ್ಮ ಪರಿಭಾಷಾಕಾರರ ದೊಡ್ಡ ಲೋಪ.

ಇಂಗ್ಲಿಷ್ ಪದಗಳನ್ನು ಬಿಡಬೇಕೆಂಬುದು ಈ ಲೇಖನದ ಅಭಿಪ್ರಾಯವಲ್ಲ. ಉನ್ನತ ವ್ಯಾಸಂಗಕ್ಕೂ ಉದ್ಯೋಗಕ್ಕೂ ಅವು ಬೇಕು. ಬಡ ವಿದ್ಯಾರ್ಥಿಗೆ ಇನ್ನೂ ಹೆಚ್ಚಾಗಿ ಬೇಕು. ಎರಡು ಪದಗಳನ್ನೂ ಎದುರುಬದುರಾಗಿಟ್ಟು ತೂಗುವ ಶಕ್ತಿ ಅವನಿಗೆ ಬರಲಿ ಎಂಬುದಷ್ಟೇ ಆಶಯ. ಇದಕ್ಕೆ ದೊಡ್ಡ ಸಂಶೋಧನಾಲಯಗಳಿಗಿಂತ, ಕಲೆ–ವಿಜ್ಞಾನಗಳೆರಡೂ ಒಂದೇ ಸೂರಿನಡಿ ಇರುವ ಸಣ್ಣ ಕಾಲೇಜೇ ಅನುಕೂಲವಾದ ಸ್ಥಳ. ಅಲ್ಲಿ ಉಪಕರಣಗಳು ಕಡಮೆಯಿರಬಹುದು. ಆದರೆ ರಸಾಯನಶಾಸ್ತ್ರದ ಅಧ್ಯಾಪಕರೂ ಕನ್ನಡ ಅಧ್ಯಾಪಕರೂ ಒಂದೇ ಕೊಠಡಿಯಲ್ಲಿ ಕುಳಿತಿರುತ್ತಾರೆ. ವರ್ಷಕ್ಕೆ ಹತ್ತು ಪದಗಳನ್ನು ಅವರಿಬ್ಬರೂ ವಿದ್ಯಾರ್ಥಿಗಳೊಡನೆ ಕೂಡಿ ಪರೀಕ್ಷಿಸಿ, ಗುಣದೋಷಗಳನ್ನು ಬರೆದಿಟ್ಟರೆ ಅದಕ್ಕೆ ಹಣ ಬೇಕಾಗಿಲ್ಲ, ಅಪ್ಪಣೆಯೂ ಬೇಕಾಗಿಲ್ಲ.

ಭಾಷೆಯನ್ನು ತಿದ್ದದೆ ಶಾಸ್ತ್ರವನ್ನು ತಿದ್ದಲಾಗದೆಂಬುದು 1789ರ ತನ್ನ ಗ್ರಂಥದ ಮುನ್ನುಡಿಯಲ್ಲಿ ಲವಾಸಿಯೇ ಪ್ರತಿಪಾದಿಸಿದ ತತ್ತ್ವ. ಅಂಥವನೇ ಒಂದು ಹೆಸರಿನಲ್ಲಿ ಎಡವಿದನೆಂಬುದು ನಮ್ಮ ವಿದ್ಯಾರ್ಥಿಗಳಿಗೆ ಧೈರ್ಯ ಕೊಡಬೇಕಾದ ಸಂಗತಿ. ಪುಸ್ತಕದಲ್ಲಿರುವ ಪದವನ್ನೂ ಪ್ರಶ್ನಿಸಬಹುದೆಂದು ಅರಿತ ದಿನ ಅವರು ರಸಾಯನಶಾಸ್ತ್ರವನ್ನು ಕಂಠಪಾಠ ಮಾಡುವುದನ್ನು ಬಿಟ್ಟು ಅಭ್ಯಾಸ ಮಾಡತೊಡಗುತ್ತಾರೆ.